ಕೊಂಡ ಸರಕು ಕೆಟ್ಟುದಾದರೆ: ಗಡಿಯ ಹಳ್ಳಿಗರು ತಿಳಿದಿರತಕ್ಕ ಮಾತು

(ನಾರಾಯಣಖೇಡ ಭಾಗದ ಗ್ರಾಮಸ್ಥರ ಮುಂದೆ ಮಾಡಿದ ಭಾಷಣ)



ಗಡಿಯ ಮಾತೆಂದೊಡನೆ ನಮ್ಮೆಲ್ಲರ ದೃಷ್ಟಿ ನಕ್ಷೆಯ ಕಡೆಗೆ ಹೋಗುವುದು ರೂಢಿಯಾಗಿದೆ. ಇಂದು ನಾವು ಅದನ್ನು ತುಸು ಹೊತ್ತು ಪೇಠೆಯ ಕಡೆಗೆ ತಿರುಗಿಸಬೇಕೆಂದಿದ್ದೇವೆ. 1956ನೆಯ ಇಸವಿಯ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಬೀದರ ಜಿಲ್ಲೆಯ ನಾರಾಯಣಖೇಡ ತಾಲೂಕು, ನಿರ್ಣಾ ಭಾಗವನ್ನುಳಿದ ಜಹೀರಾಬಾದ ತಾಲೂಕು, ಬೀದರ ತಾಲೂಕಿನ ನ್ಯಾಲಕಲ್ ಭಾಗ, ಗುಲಬರ್ಗಾ ಜಿಲ್ಲೆಯ ತಾಂಡೂರು ತಾಲೂಕು ಇವೆಲ್ಲ ಆಂಧ್ರಪ್ರದೇಶಕ್ಕೆ ಸೇರಿದವು. 2014ನೆಯ ಜೂನ್ 2ರಿಂದ ಇವು ತೆಲಂಗಾಣದಲ್ಲಿವೆ. ಕಾಗದದ ಮೇಲೆ ಗೆರೆ ಬಿದ್ದಿತೇ ಹೊರತು ಸಂತೆಯ ದಾರಿ ಬದಲಾಗಲಿಲ್ಲ. ಮದುವೆಯ ಜವಳಿ, ಬಿತ್ತನೆಯ ಬೀಜ, ಔಷಧಿ ಹೊಡೆಯುವ ಪಂಪು, ಮಿಕ್ಸರು, ಮೊಬೈಲು ಎಂದರೆ ನಮ್ಮಲ್ಲಿ ಎಷ್ಟೋ ಮಂದಿ ಈಗಲೂ ಬೀದರದ ಬಸ್ಸನ್ನೇ ಹತ್ತುತ್ತಾರೆ. ತಂದ ಸರಕು ಚೆನ್ನಾಗಿರುವವರೆಗೆ ಗಡಿಯ ನೆನಪು ಯಾರಿಗೂ ಆಗದು. ಅದು ಕೆಟ್ಟ ದಿನವೇ ಗಡಿ ಎದ್ದು ನಿಲ್ಲುತ್ತದೆ.

ಆಗ ಅಂಗಡಿಯಲ್ಲಿ ನಡೆಯುವ ಸಂಭಾಷಣೆಯನ್ನು ನೀವೆಲ್ಲರೂ ಕೇಳಿದ್ದೀರಿ. ಅಂಗಡಿಕಾರನು ಜಗಳಕ್ಕೆ ಬರುವುದಿಲ್ಲ; ಕೂಡಿಸಿ ಚಹ ತರಿಸುತ್ತಾನೆ. “ಕಾಕಾ, ಸರಕು ಕೆಟ್ಟಿರುವುದು ನಿಜ. ಆದರೆ ಬದಲಿ ಕೊಡೋಣವೆಂದರೆ ನನ್ನ ಹತ್ತಿರ ಇನ್ನೊಂದು ಇಲ್ಲ. ಆ ಮಾದರಿ ಬರುವುದೇ ನಿಂತುಹೋಗಿದೆ. ನೀವು ಹೈದರಾಬಾದಿನ ಕಂಪನಿ ಕೇಂದ್ರಕ್ಕೆ ಹೋಗಿಬಿಡಿರಿ” ಎನ್ನುತ್ತಾನೆ. ಅವನು ಹೇಳುವುದು ಸುಳ್ಳಾಗಿರಬೇಕೆಂದೇನೂ ಇಲ್ಲ. ಅವನಲ್ಲಿ ನಿಜವಾಗಿಯೂ ಇನ್ನೊಂದು ಇಲ್ಲದೆ ಇರಬಹುದು. ಆದರೆ ನಮ್ಮ ರೈತನು ‘ಇಲ್ಲ’ ಎಂಬ ಆ ಒಂದು ಮಾತನ್ನು ಕೇಳಿ, ಇನ್ನು ಮಾಡುವುದೇನೂ ಉಳಿಯಲಿಲ್ಲವೆಂದು ತಿಳಿದು, ಕೆಟ್ಟ ಸರಕನ್ನು ಚೀಲದಲ್ಲಿ ಕಟ್ಟಿಕೊಂಡು ಊರಿಗೆ ಮರಳುತ್ತಾನೆ. ಬದಲಿ ಸರಕು ಇಲ್ಲದಿರುವುದು ಒಂದು ಮಾತು. ಕೊಟ್ಟ ಬೆಲೆಯನ್ನು ಹಿಂದಿರುಗಿಸುವ ಹೊಣೆ ಇಲ್ಲದಿರುವುದು ಇನ್ನೊಂದು ಮಾತು. ಮೊದಲನೆಯದು ನಿಜವಾದರೆ ಎರಡನೆಯದೂ ನಿಜವಾಗಬೇಕಾಗಿಲ್ಲ. ಈ ಭೇದವನ್ನು ತಿಳಿಸುವುದಕ್ಕಾಗಿಯೇ ನಾವು ಈ ಹೊತ್ತು ನಿಂತಿದ್ದೇವೆ.

ಶಾಲೆಯ ಲೆಕ್ಕದಂತೆ ಒಂದು ಉದಾಹರಣೆಯನ್ನು ಎತ್ತಿಕೊಳ್ಳೋಣ. ಒಬ್ಬ ರೈತನು 3,600 ರೂಪಾಯಿ ಕೊಟ್ಟು ಬ್ಯಾಟರಿಯ ಪಂಪನ್ನು ಕೊಂಡನೆನ್ನೋಣ. ನಾಲ್ಕನೆಯ ದಿನ ತೊಗರಿಗೆ ಔಷಧಿ ಹೊಡೆಯುವಾಗ ಅದು ನಿಂತಿತು. ಬೀದರಕ್ಕೆ ಎರಡು ಸಲ, ಹೈದರಾಬಾದಿಗೆ ಒಂದು ಸಲ ಹೋಗಿಬರುವ ಬಸ್ಸಿನ ಖರ್ಚು, ಮೂರು ದಿನದ ಕೂಲಿ, ಅಷ್ಟರೊಳಗೆ ಹುಳು ತಿನ್ನುವ ಹೂವು ಕಾಯಿ, ನೆರೆಯವರ ಪಂಪಿಗೆ ಕೊಡುವ ಬಾಡಿಗೆ ಇವನ್ನೆಲ್ಲ ಕೂಡಿಸಿರಿ. ಪಂಪಿನ ಬೆಲೆಗೂ ಈ ಮೊತ್ತಕ್ಕೂ ಬಹಳ ಅಂತರ ಉಳಿಯದು. ಹೀಗಾಗಿ ಮೂರನೆಯ ಪ್ರಯಾಣದ ಹೊತ್ತಿಗೆ ಯಾವ ಬುದ್ಧಿವಂತನಾದರೂ ‘ಹೋದರೆ ಹೋಗಲಿ’ ಎಂದು ಕೈಬಿಡುತ್ತಾನೆ. ಹೀಗೆ ಕೈಬಿಟ್ಟ ಹಣವನ್ನು ಒಂದು ಹಳ್ಳಿಯಿಂದ ಒಂದು ವರ್ಷದಲ್ಲಿ ಕೂಡಿಸಿದರೆ ಅದು ಸಣ್ಣ ಮೊತ್ತವಾಗಲಾರದು.

ಇನ್ನು ಕಾನೂನು ಏನೆನ್ನುತ್ತದೆಂಬುದನ್ನು ನೋಡೋಣ. ನಮ್ಮ ದೇಶದಲ್ಲಿ ಗ್ರಾಹಕರ ರಕ್ಷಣೆಗಾಗಿ 1986ರಲ್ಲಿ ಒಂದು ಕಾಯಿದೆಯಾಯಿತು. ಅದರ ಜಾಗದಲ್ಲಿ 2019ರ ಹೊಸ ಕಾಯಿದೆ 2020ನೆಯ ಜುಲೈ ತಿಂಗಳಿನಲ್ಲಿ ಜಾರಿಗೆ ಬಂದಿತು. ದೋಷವುಳ್ಳ ಸರಕಿನ ವಿಷಯದಲ್ಲಿ ಜಿಲ್ಲಾ ಗ್ರಾಹಕರ ಆಯೋಗವು ಯಾವ ಯಾವ ಆಜ್ಞೆಗಳನ್ನು ಮಾಡಬಹುದೆಂದು ಅದರ 39ನೆಯ ಕಲಮು ಹೇಳುತ್ತದೆ. ದೋಷವನ್ನು ಸರಿಪಡಿಸಿಕೊಡು ಎನ್ನಬಹುದು. ಅಂಥದೇ ಹೊಸ ಸರಕನ್ನು ಕೊಡು ಎನ್ನಬಹುದು. ಪಡೆದ ಬೆಲೆಯನ್ನು ಬಡ್ಡಿಯೊಡನೆ ಹಿಂದಿರುಗಿಸು ಎನ್ನಬಹುದು. ಅಂಗಡಿಕಾರನ ಅಲಕ್ಷ್ಯದಿಂದ ಆದ ನಷ್ಟಕ್ಕೆ ಪರಿಹಾರ ಕೊಡು ಎಂದೂ ಹೇಳಬಹುದು. ಬದಲಿ ಕೊಡುವುದು ಈ ದಾರಿಗಳಲ್ಲಿ ಒಂದು ಮಾತ್ರ. ಆ ದಾರಿ ಮುಚ್ಚಿದರೆ ಬೆಲೆಯ ದಾರಿ ತೆರೆದೇ ಇರುತ್ತದೆ. ಇಷ್ಟೇ ಅಲ್ಲ, ದೋಷವುಳ್ಳ ಸರಕನ್ನು ಹಿಂದಕ್ಕೆ ತೆಗೆದುಕೊಂಡು ಬೆಲೆಯನ್ನು ಮರಳಿಸಲು ನಿರಾಕರಿಸುವುದನ್ನೇ ಈ ಕಾಯಿದೆ ‘ಅನುಚಿತ ವ್ಯಾಪಾರ ಪದ್ಧತಿ’ಗಳ ಸಾಲಿಗೆ ಸೇರಿಸಿದೆ. ರಶೀದಿಯಲ್ಲಿ ಅವಧಿಯನ್ನು ಬರೆದಿದ್ದರೆ ಆ ಅವಧಿಯೊಳಗೆ, ಬರೆಯದಿದ್ದರೆ 30 ದಿನಗಳೊಳಗೆ ಹಣ ಮರಳಬೇಕು. ರಶೀದಿಯನ್ನೇ ಕೊಡದಿರುವುದೂ ಅದೇ ಸಾಲಿನಲ್ಲಿದೆ. ಹೀಗಿರಲು ‘ಒಮ್ಮೆ ಮಾರಿದ ಸರಕನ್ನು ಹಿಂದಕ್ಕೆ ಪಡೆಯಲಾಗುವುದಿಲ್ಲ’ ಎಂದು ರಶೀದಿಯ ಕೆಳಗೆ ಅಚ್ಚು ಹಾಕಿಸಿದ ಸಾಲು ಕೆಟ್ಟ ಸರಕಿನ ಹೊಣೆಯಿಂದ ಅಂಗಡಿಯನ್ನು ಪಾರುಮಾಡಲಾರದು.

ನಮ್ಮ ಶಾಲೆಗೆ ಒಮ್ಮೆ ಗೋಡೆಯ ಗಡಿಯಾರವೊಂದನ್ನು ತಂದಿದ್ದೆವು. ಅದು ಪ್ರತಿದಿನವೂ ಕಾಲು ಗಂಟೆ ಹಿಂದೆ ಬೀಳುತ್ತಿತ್ತು. ಮಕ್ಕಳಿಗೆ ಅದು ಬೇಸರ ತಂದಿತ್ತು. ಶಾಲೆ ಬಿಡುವ ಗಂಟೆ ತಡವಾಗುತ್ತಿತ್ತಲ್ಲವೇ! ಅಂಗಡಿಯಲ್ಲಿ ಬೇರೆ ಗಡಿಯಾರವಿರಲಿಲ್ಲ. ಅಷ್ಟೇ ಬೆಲೆಯ ಚಹದ ಕಪ್ಪುಗಳನ್ನು ಒಯ್ಯಿರೆಂದು ಅವರು ಬಹಳ ಪ್ರೀತಿಯಿಂದ ಹೇಳಿದರು. ಶಾಲೆಗೆ ಬೇಕಾದುದು ಹೊತ್ತು ತೋರಿಸುವ ವಸ್ತುವೆಂದು ನಾವು ವಿನಯದಿಂದ ತಿಳಿಸಿದೆವು, ಒಂದು ವಾರದಲ್ಲಿ ಹಣ ಬಂದಿತು. ಹೇಳಬೇಕೆಂದಿರುವುದು ಇಷ್ಟೇ. ಬದಲಿ ಎಂದರೆ ಅಂಥದೇ ಸರಕು. ಬೇರೆ ಸರಕನ್ನು ಒಪ್ಪುವುದೂ ಬಿಡುವುದೂ ಕೊಂಡವನ ಇಚ್ಛೆ. ‘ನಿಮ್ಮ ಹಣ ನಮ್ಮಲ್ಲಿ ಜಮಾ ಇರಲಿ, ಮುಂದಿನ ಸಲ ಬಂದಾಗ ಏನಾದರೂ ಒಯ್ಯಿರಿ’ ಎಂಬ ಚೀಟಿಗೂ ಇದೇ ಮಾತು ಸಲ್ಲುತ್ತದೆ.

‘ಕಂಪನಿಯನ್ನು ಕೇಳಿರಿ’ ಎಂಬ ಮಾತಿಗೂ ಉತ್ತರವಿದೆ. ಹಣವನ್ನು ಎಣಿಸಿ ತೆಗೆದುಕೊಂಡವನು ಅಂಗಡಿಕಾರ. ಮಾರಾಟದ ಒಪ್ಪಂದವಾದುದು ಅವನಿಗೂ ನಮಗೂ. ಸರಕುಗಳ ಮಾರಾಟದ ಕಾಯಿದೆ 1930ರಿಂದಲೂ ಇದೆ. ಅಂಥ ಸರಕಿನ ವ್ಯಾಪಾರ ಮಾಡುವವನು ಮಾರಿದ ವಸ್ತು ಮಾರಾಟಕ್ಕೆ ಯೋಗ್ಯವಾದುದಾಗಿರಬೇಕೆಂಬ ಶರತ್ತನ್ನು ಬಾಯಿಬಿಟ್ಟು ಹೇಳದಿದ್ದರೂ ಹೇಳಿದಂತೆಯೇ ಅದು ಭಾವಿಸುತ್ತದೆ. ಕಂಪನಿಯ ವಾರಂಟಿ ಚೀಟಿ ಇದಕ್ಕೆ ಕೂಡಿಕೆಯಾಗಿ ಬರುತ್ತದೆಯೇ ಹೊರತು ಇದನ್ನು ಅಳಿಸಲು ಬರುವುದಿಲ್ಲ. ದೂರು ಕೊಡುವಾಗ ಅಂಗಡಿ, ಕಂಪನಿ ಇಬ್ಬರನ್ನೂ ಎದುರುಗಾರರನ್ನಾಗಿ ಮಾಡುವುದು ಮೇಲು. ಇಂಗ್ಲೆಂಡಿನಲ್ಲಿಯೂ 2015ರ ಕಾಯಿದೆಯಂತೆ ಕೆಟ್ಟ ಸರಕನ್ನು 30 ದಿನಗಳೊಳಗೆ ಹಿಂದಿರುಗಿಸಿ ಪೂರ್ತಿ ಹಣ ಪಡೆಯಬಹುದು. ಆಮೇಲಾದರೆ ದುರಸ್ತಿಗೋ ಬದಲಿಗೋ ಒಂದು ಅವಕಾಶ ಕೊಡಬೇಕು. ಬದಲಿ ಅಸಾಧ್ಯವಾದರೆ ಅಲ್ಲಿಯೂ ಪ್ರಶ್ನೆ ಮತ್ತೆ ಹಣಕ್ಕೇ ಬಂದು ನಿಲ್ಲುತ್ತದೆ.

ಇನ್ನು ಗಡಿಯ ಮಾತು. 1986ರ ಕಾಯಿದೆಯಲ್ಲಿ ದೂರನ್ನು ಸಾಮಾನ್ಯವಾಗಿ ಅಂಗಡಿಯಿರುವ ಜಿಲ್ಲೆಯಲ್ಲಿ ಅಥವಾ ವ್ಯವಹಾರ ನಡೆದ ಜಿಲ್ಲೆಯಲ್ಲಿ ಕೊಡಬೇಕಾಗಿತ್ತು. ಬೀದರದಲ್ಲಿ ಕೊಂಡವನು ಬೀದರಕ್ಕೇ ತಾರೀಖಿನಿಂದ ತಾರೀಖಿಗೆ ಅಲೆಯಬೇಕಾಗಿತ್ತು. ಹೊಸ ಕಾಯಿದೆಯ 34ನೆಯ ಕಲಮು ಇದನ್ನು ಬದಲಿಸಿ, ದೂರುಗಾರನು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದೆಂದು ಹೇಳಿತು. ಆದುದರಿಂದ ನಾರಾಯಣಖೇಡದ ರೈತನು ಬೀದರದಲ್ಲಿ ಕೊಂಡ ಪಂಪಿಗಾಗಿ ಸಂಗಾರೆಡ್ಡಿಯ ಜಿಲ್ಲಾ ಆಯೋಗದಲ್ಲಿ ದೂರು ಕೊಡಬಹುದು. ಜಹೀರಾಬಾದಿನ ಪೇಠೆಯಲ್ಲಿ ಕೊಂಡ ಔರಾದ ಕಡೆಯವನು ಬೀದರದಲ್ಲಿಯೇ ಕೊಡಬಹುದು. ತಾಂಡೂರಿನವರು ತಮ್ಮ ಜಿಲ್ಲೆಗೆ ನಿಯಮಿಸಿದ ಆಯೋಗದಲ್ಲಿ ಕೊಡತಕ್ಕದ್ದು. ‘ನೀವು ಬೇರೆ ರಾಜ್ಯದವರು, ಇಲ್ಲಿ ನಿಮ್ಮ ಮಾತು ನಡೆಯದು’ ಎಂದು ಯಾರಾದರೂ ಹೇಳಿದರೆ ನಕ್ಕು ಸುಮ್ಮನಿರಿ. ನಮ್ಮ ಮಾತು ನಮ್ಮ ಜಿಲ್ಲೆಯಲ್ಲಿಯೇ ನಡೆಯುತ್ತದೆ. ಬೀದರದ ರಶೀದಿ ಕನ್ನಡದಲ್ಲಿದ್ದರೆ ಅದಕ್ಕೆ ತೆಲುಗಿನದೋ ಇಂಗ್ಲಿಷಿನದೋ ಅನುವಾದವನ್ನು ಜೋಡಿಸುವುದು ಒಳ್ಳೆಯದು. ಮನೆಯಲ್ಲಿ ಓದುವ ಮಕ್ಕಳಿರುವಾಗ ಇದು ದೊಡ್ಡ ಕೆಲಸವೇನೂ ಅಲ್ಲ.

ಬೀಜದ ವಿಷಯಕ್ಕೆ ಬಂದಾಗ ಈ ಎಲ್ಲ ಮಾತಿಗೆ ಬೇರೆಯೇ ತೂಕ ಬರುತ್ತದೆ. ಪಂಪು ಕೆಟ್ಟರೆ ಇಂದಲ್ಲ ನಾಳೆ ಇನ್ನೊಂದು ಬಂದೀತು. ಮೃಗಶಿರೆಯ ಹದಕ್ಕೆ ಬಿತ್ತಿದ ಸೋಯಾ ಹುಟ್ಟದೆ ಹೋದರೆ, ಮೂರು ವಾರದ ಮೇಲೆ ಅಂಗಡಿಕಾರನು ಅಷ್ಟೇ ತೂಕದ ಹೊಸ ಚೀಲವನ್ನು ಮನೆಯ ಬಾಗಿಲಿಗೆ ತಂದುಕೊಟ್ಟರೂ ಅದು ಬದಲಿಯಾಗದು. ಚೀಲ ಬದಲಾದೀತು, ಹದ ಬದಲಾಗದು. ಇಲ್ಲಿ ಅಂಗಡಿಕಾರನು ಎಷ್ಟೇ ಒಳ್ಳೆಯವನಿದ್ದರೂ ಬದಲಿ ಕೊಡಲು ಅವನಿಂದ ಆಗುವುದಿಲ್ಲ. ಚೀಲದ ಬೆಲೆಯಷ್ಟನ್ನೇ ಮರಳಿಸಿದರೂ ಉಳುಮೆ, ಗೊಬ್ಬರ, ಆಳು, ಒಂದು ಹಂಗಾಮಿನ ಬೆಳೆ ಇವು ಮರಳುವುದಿಲ್ಲ. ಆದುದರಿಂದ ಬೀಜದಲ್ಲಿ ಬೆಲೆಯ ಜೊತೆಗೆ ನಷ್ಟದ ಪರಿಹಾರವನ್ನೂ ಕೇಳತಕ್ಕದ್ದು.

ಹೀಗೆ ಕೇಳಿದ ರೈತರು ಇದ್ದಾರೆ, ಅದೂ ನಮ್ಮ ಅಂದಿನ ರಾಜ್ಯದಲ್ಲಿಯೇ. ರಾಷ್ಟ್ರೀಯ ಬೀಜ ನಿಗಮವೆಂಬ ಸರಕಾರಿ ಕಂಪನಿಯಿಂದ ಬೀಜ ಕೊಂಡ ಆಂಧ್ರಪ್ರದೇಶದ ರೈತರು, ಬೀಜದ ದೋಷದಿಂದ ಬೆಳೆ ಹೋಯಿತೆಂದು ಜಿಲ್ಲೆಯ ಗ್ರಾಹಕರ ವೇದಿಕೆಗಳಿಗೆ ದೂರು ಕೊಟ್ಟರು. ವೇದಿಕೆಗಳು ಪರಿಹಾರ ಕೊಡಿಸಿದವು. ನಿಗಮವು ಮೇಲಿನಿಂದ ಮೇಲಕ್ಕೆ ಹೋಗಿ ಕೊನೆಗೆ ಸುಪ್ರೀಂ ಕೋರ್ಟನ್ನು ಮುಟ್ಟಿತು. ಬೀಜಕ್ಕೆ ಬೇರೆ ಕಾಯಿದೆಯಿರುವುದರಿಂದ ಗ್ರಾಹಕರ ಕಾಯಿದೆ ಇಲ್ಲಿ ಹೊಂದದೆಂದೂ, ಒಪ್ಪಂದದಲ್ಲಿ ಪಂಚಾಯಿತಿಯ ಶರತ್ತು ಇರುವುದರಿಂದ ಅಲ್ಲಿಗೇ ಹೋಗಬೇಕಿತ್ತೆಂದೂ, ರೈತರು ಬೀಜದ ಮಾದರಿಯನ್ನು ಪ್ರಯೋಗಶಾಲೆಗೆ ಕಳಿಸಲಿಲ್ಲವೆಂದೂ ಅದು ವಾದಿಸಿತು. 2012ನೆಯ ಜನವರಿ 16ರ ತೀರ್ಪಿನಲ್ಲಿ ನ್ಯಾಯಾಲಯವು ಈ ಯಾವ ವಾದವನ್ನೂ ಒಪ್ಪಲಿಲ್ಲ. ಕೊನೆಯ ವಾದಕ್ಕೆ ಕೊಟ್ಟ ಉತ್ತರವನ್ನು ನಮ್ಮ ರೈತರು ಮುಖ್ಯವಾಗಿ ತಿಳಿಯಬೇಕು. ರೈತನು ಕೊಂಡ ಬೀಜವನ್ನೆಲ್ಲ ಬಿತ್ತಿಬಿಡುತ್ತಾನೆ. ಮುಂದೆ ದಾವೆ ಹೂಡಬೇಕಾದೀತೆಂದು ಅದರಲ್ಲಿ ಒಂದಿಷ್ಟನ್ನು ತೆಗೆದಿಡುವನೆಂದು ನಿರೀಕ್ಷಿಸಲಾಗದು. ಅದೇ ತಂಡದ ಬೀಜವನ್ನು ಬೇಕಾದರೆ ನಿಗಮವೇ ಪರೀಕ್ಷೆ ಮಾಡಿಸಬಹುದಾಗಿತ್ತು ಎಂಬುದು ಅದರ ಸಾರಾಂಶ. ಹೊಲವನ್ನು ನೋಡಿ ಬರೆದ ವರದಿಗಳೇ ಅಲ್ಲಿ ರೈತರ ಸಾಕ್ಷಿಯಾದವು.

ಆದರೂ ಒಂದು ಹಿಡಿ ಬೀಜವನ್ನು ಉಳಿಸಿಕೊಳ್ಳುವುದರಿಂದ ಕೆಡುವುದೇನೂ ಇಲ್ಲ. ಅದಕ್ಕಿಂತ ಮೇಲಾದುದು ಬಿತ್ತುವುದಕ್ಕೆ ಮೊದಲೇ ಮೊಳಕೆಯನ್ನು ನೋಡುವುದು. ಸೋಯಾ ಬೀಜದ ಸಿಪ್ಪೆ ಬಹು ನಾಜೂಕು. ಚೀಲವನ್ನು ಎತ್ತಿ ಒಗೆದರೂ, ಬಿಸಿಯಲ್ಲಿ ಬಹಳ ದಿನವಿಟ್ಟರೂ ಅದರ ಜೀವ ಕುಂದುತ್ತದೆ. ಪ್ರಮಾಣಿತ ಸೋಯಾ ಬೀಜಕ್ಕೆ ಕನಿಷ್ಠ ಮೊಳಕೆ ನೂರಕ್ಕೆ 70 ಎಂದು ಸರಕಾರವು ಗೊತ್ತುಪಡಿಸಿದೆ. ಚೀಲವನ್ನು ಚೀಟಿಯಿರುವ ಬಾಯಿಯ ಕಡೆಗೆ ಹರಿಯದೆ ತಳದ ಹೊಲಿಗೆಯನ್ನು ಬಿಚ್ಚಿ, 100 ಬೀಜಗಳನ್ನು ಎಣಿಸಿ, ಒದ್ದೆಯ ಗೋಣಿಯಲ್ಲಿ ಸುತ್ತಿ ನೆರಳಿನಲ್ಲಿಡಿರಿ. ವಾರದೊಳಗೆ ಎಷ್ಟು ಮೊಳೆತಿವೆಯೆಂದು ನಾಲ್ಕನೆಯ ಇಯತ್ತೆಯ ಮಗುವೂ ಎಣಿಸಿ ಹೇಳೀತು. 40, 50 ಮಾತ್ರ ಮೊಳೆತರೆ ಚೀಲವನ್ನು ಆಗಲೇ ಹಿಂದಕ್ಕೆ ಒಯ್ಯಿರಿ. ಹದ ಇನ್ನೂ ಕೈಯಲ್ಲಿರುವ ಆ ಹೊತ್ತಿನಲ್ಲಿ ಅಂಗಡಿಕಾರನು ಬದಲಿ ಇಲ್ಲವೆಂದರೆ ಹಣವನ್ನು ಪಡೆದು ಬೇರೆ ಕಡೆ ಬೀಜ ಹುಡುಕಲು ಸಮಯವಾದರೂ ಉಳಿದಿರುತ್ತದೆ.

ಬಿತ್ತಿದ ಮೇಲೆ ದೋಷ ಕಂಡರೆ ಹೊಲವನ್ನು ಹರಗಿಬಿಡಬೇಡಿರಿ. ಬೇಸರದಿಂದ ಮರುದಿನವೇ ಕುಂಟೆ ಹೊಡೆಯುವುದು ನಮ್ಮಲ್ಲಿ ಸಾಮಾನ್ಯ. ಅಲ್ಲಿಗೆ ಸಾಕ್ಷಿಯೂ ಮಣ್ಣು ಸೇರುತ್ತದೆ. ಮಂಡಲದ ಕೃಷಿ ಅಧಿಕಾರಿಗೆ ಬರವಣಿಗೆಯಲ್ಲಿ ದೂರು ಕೊಟ್ಟು, ಅವರು ಬಂದು ನೋಡಿ ವರದಿ ಬರೆಯುವವರೆಗೆ ತಡೆಯಬೇಕು. ರೈತನು ಹೀಗೆ ದೂರು ಕೊಟ್ಟರೆ ಬೀಜ ಪರಿವೀಕ್ಷಕನು ಚೀಲ, ಚೀಟಿ, ಉಳಿದ ಬೀಜ ಇವನ್ನು ಸಾಧ್ಯವಿದ್ದಷ್ಟು ತೆಗೆದುಕೊಂಡು ತನಿಖೆ ಮಾಡತಕ್ಕದ್ದೆಂದು 1968ರ ಬೀಜ ನಿಯಮಗಳಲ್ಲಿ ವಿಧಿಯಿದೆ. ಬೀಜ ಬೀದರದ್ದಾಗಿದ್ದರೆ ದೂರಿನ ಒಂದು ಪ್ರತಿಯನ್ನು ಬೀದರದ ಜಂಟಿ ಕೃಷಿ ನಿರ್ದೇಶಕರಿಗೂ ಕಳಿಸಿರಿ. ಮಾರಿದವನ ಪರವಾನಿಗೆ ಕರ್ನಾಟಕದ್ದು, ಬೆಳೆ ಹೋದ ಹೊಲ ತೆಲಂಗಾಣದ್ದು. ಎರಡು ಕಡೆಯವರೂ ‘ಇದು ನಮ್ಮದಲ್ಲ’ ಎನ್ನುವುದಕ್ಕೆ ಎಡೆಯಿರಕೂಡದು.

ಈಗ ಯಾರೂ ಬಾಯಿಬಿಟ್ಟು ಹೇಳದ ಮಾತೊಂದನ್ನು ಹೇಳಬೇಕಾಗಿದೆ. ನಮ್ಮಲ್ಲಿ ಅನೇಕರು ಬೀಜ ಗೊಬ್ಬರಗಳನ್ನು ನಗದು ಕೊಟ್ಟು ತರುವುದಿಲ್ಲ. ಅಡತಿಯ ಸಾಹುಕಾರನಲ್ಲಿ ಉದ್ರಿ ತರುತ್ತಾರೆ. ಬೆಳೆಯನ್ನು ಅವನ ಅಂಗಡಿಗೇ ಹಾಕಿ ಲೆಕ್ಕ ಹರಿಯುತ್ತಾರೆ. ಬೀಜ ಕೆಟ್ಟುದಾದರೂ ಉದ್ರಿಯ ಲೆಕ್ಕ ಬೆಳೆಯುತ್ತಲೇ ಇರುತ್ತದೆ. ‘ಹಣವನ್ನೇ ಕೊಟ್ಟಿಲ್ಲ, ನಾವು ಏನೆಂದು ಕೇಳೋಣ?’ ಎಂಬುದು ಒಂದು ಸಂಕೋಚ. ‘ಇಂದು ಕೇಳಿದರೆ ನಾಳೆ ಮಗಳ ಮದುವೆಗೆ ಯಾರ ಹತ್ತಿರ ಕೈಯೊಡ್ಡೋಣ?’ ಎಂಬುದು ಇನ್ನೊಂದು ಭಯ. ಸಂಕೋಚಕ್ಕೆ ಕಾನೂನಿನಲ್ಲಿ ಉತ್ತರವಿದೆ. ಬೆಲೆಯನ್ನು ಕೊಟ್ಟವನಷ್ಟೇ ಅಲ್ಲ, ಕೊಡುತ್ತೇನೆಂದು ಮಾತು ಕೊಟ್ಟವನೂ, ಅರ್ಧ ಕೊಟ್ಟು ಅರ್ಧ ಉಳಿಸಿಕೊಂಡವನೂ ಗ್ರಾಹಕನೇ ಎಂದು ಕಾಯಿದೆಯ ವ್ಯಾಖ್ಯೆ ಸ್ಪಷ್ಟವಾಗಿ ಹೇಳುತ್ತದೆ. 1983ರ ಬೀಜ ನಿಯಂತ್ರಣ ಆಜ್ಞೆಯಂತೆ ನಗದಾಗಲಿ ಉದ್ರಿಯಾಗಲಿ ಬೀಜ ಮಾರುವವನು ಚೀಟಿ ಕೊಡಲೇಬೇಕು. ವಹಿಯಲ್ಲಿ ಬರೆದುಕೊಂಡೆನೆಂದರೆ ಸಾಲದು.

ಭಯಕ್ಕೆ ಮಾತ್ರ ಕಾಯಿದೆಯ ಪುಸ್ತಕದಲ್ಲಿ ಉತ್ತರವಿಲ್ಲ. ಒಬ್ಬನೇ ಕೇಳಿದರೆ ಸಾಹುಕಾರನು ಮುಖ ತಿರುಗಿಸುವುದು ನಿಜ. ಆದರೆ ಒಂದೇ ತಂಡದ ಬೀಜವನ್ನು ಊರಲ್ಲಿ ಹತ್ತು ಹದಿನೈದು ಮನೆಯವರು ಬಿತ್ತಿರುತ್ತಾರೆ. ಒಂದೇ ಹಿತವುಳ್ಳ ಹಲವರು ಆಯೋಗದ ಅನುಮತಿ ಪಡೆದು ಒಂದೇ ದೂರನ್ನು ಕೊಡಲು ಕಾಯಿದೆ ದಾರಿ ಮಾಡಿದೆ. ಹದಿನೈದು ಮನೆಗಳ ಬೆಳೆಯನ್ನು ಕಳೆದುಕೊಳ್ಳಲು ಯಾವ ಅಡತಿಯವನೂ ಸಿದ್ಧನಿರಲಾರನೆಂದು ನಮ್ಮ ಎಣಿಕೆ.

ಅಂಗಡಿಕಾರರಿಗೂ ನ್ಯಾಯವಾದ ಮಾತನ್ನು ಹೇಳದೆ ಹೋಗಬಾರದು. ಸೀರೆಯ ಬಣ್ಣ ಮನೆಯವರಿಗೆ ಒಪ್ಪಲಿಲ್ಲವೆಂದು, ಪಕ್ಕದ ಅಂಗಡಿಯಲ್ಲಿ ನೂರು ರೂಪಾಯಿ ಕಡಿಮೆಗೆ ಸಿಕ್ಕಿತೆಂದು ಸರಕನ್ನು ಹಿಂದಿರುಗಿಸುವ ಹಕ್ಕನ್ನು ಈ ಕಾಯಿದೆ ಕೊಟ್ಟಿಲ್ಲ. ಪಂಪಿಗೆ ಕಸ ತುಂಬಿದ ನೀರು ಹಾಕಿ ಕೆಡಿಸಿದವನೂ ಹಣ ಕೇಳಲಾಗದು. ಮರಳಿ ಮಾರಾಟ ಮಾಡಲೆಂದು ಕೊಂಡವನು ಗ್ರಾಹಕನಲ್ಲ. ಹೊಟ್ಟೆಪಾಡಿಗಾಗಿ ತಾನೇ ದುಡಿಯಲು ಹೊಲಿಗೆಯ ಯಂತ್ರ ಕೊಂಡ ತಾಯಿ ಗ್ರಾಹಕಳೇ. ಸಣ್ಣ ಅಂಗಡಿಯವನು ಎಷ್ಟೋ ಸಲ ಕಂಪನಿಗೂ ನಮಗೂ ನಡುವೆ ಸಿಕ್ಕಿಬಿದ್ದಿರುತ್ತಾನೆ. ಬೆಲೆ ಮರಳಿಸಿದವನು ಕಂಪನಿಯಿಂದ ಅದನ್ನು ವಸೂಲು ಮಾಡಿಕೊಳ್ಳುವುದು ಅವರಿಬ್ಬರ ವ್ಯವಹಾರ. ಅದು ಮುಗಿಯುವವರೆಗೆ ನಾವು ಕಾಯಬೇಕೆಂದು ಹೇಳುವುದು ಮಾತ್ರ ಸರಿಯಲ್ಲ.

ಕ್ರಮವನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಸರಕಿನ ದೋಷವನ್ನೂ, ಬದಲಿ ಇಲ್ಲವಾದರೆ ಬೆಲೆ ಬೇಕೆಂಬುದನ್ನೂ ಒಂದು ಹಾಳೆಯಲ್ಲಿ ಬರೆದು ಅಂಗಡಿಗೂ ಕಂಪನಿಗೂ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ಅಂಚೆಯ ಚೀಟಿಯನ್ನು ಇಟ್ಟುಕೊಳ್ಳಿರಿ. ಹಿಂದಿನ ರಿಜಿಸ್ಟರ್ ಅಂಚೆಯನ್ನು 2025ರಲ್ಲಿ ಇದರೊಳಗೇ ಸೇರಿಸಿದ್ದಾರೆ. 1915 ಎಂಬ ಸಂಖ್ಯೆಗೆ ಕರೆ ಮಾಡಿದರೆ ರಾಷ್ಟ್ರೀಯ ಗ್ರಾಹಕರ ಸಹಾಯವಾಣಿ ಸಿಗುತ್ತದೆ. ಅಲ್ಲಿ ಕನ್ನಡದಲ್ಲಿಯೂ ಮಾತಾಡಬಹುದು, ಕರೆಗೆ ಹಣವಿಲ್ಲ. ಎಷ್ಟೋ ವ್ಯಾಜ್ಯಗಳು ಅಲ್ಲಿಯೇ ತೀರುವುದುಂಟು. ತೀರದಿದ್ದರೆ ಜಿಲ್ಲಾ ಆಯೋಗ. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯವರೆಗೆ ಇದ್ದರೆ ದೂರಿಗೆ ಶುಲ್ಕವಿಲ್ಲ. ವಕೀಲರು ಇರಲೇಬೇಕೆಂದಿಲ್ಲ. ಬೇಕೆನಿಸಿದರೆ ಹೆಣ್ಣುಮಕ್ಕಳಿಗೂ ಪರಿಶಿಷ್ಟ ಜಾತಿ ಪಂಗಡಗಳವರಿಗೂ ಆದಾಯವನ್ನು ಕೇಳದೆ ಕಾನೂನು ಸೇವಾ ಪ್ರಾಧಿಕಾರವು ಪುಕ್ಕಟೆಯಾಗಿ ವಕೀಲರನ್ನು ಕೊಡುತ್ತದೆ. ಕಾರಣವುಂಟಾದ ದಿನದಿಂದ ಎರಡು ವರ್ಷಗಳೊಳಗೆ ದೂರು ಸಲ್ಲಬೇಕು. ಸರಕನ್ನು ಪರೀಕ್ಷಿಸಬೇಕಾಗಿಲ್ಲದಿದ್ದರೆ 3 ತಿಂಗಳಲ್ಲಿ, ಪರೀಕ್ಷಿಸಬೇಕಾದರೆ 5 ತಿಂಗಳಲ್ಲಿ ತೀರ್ಮಾನಿಸಲು ಯತ್ನಿಸಬೇಕೆಂದು ಕಾಯಿದೆ ಹೇಳುತ್ತದೆ. ಪ್ರತಿ ಸಲವೂ ಹಾಗೆಯೇ ಆಗುವುದೆಂದು ನಾವು ಭರವಸೆ ಕೊಡಲಾರೆವು. ಆಜ್ಞೆಯಾದ ಮೇಲೂ ಅಂಗಡಿಕಾರನು ಹಣ ಕೊಡದಿದ್ದರೆ ಅವನಿಗೆ ಸೆರೆಮನೆ ಅಥವಾ 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ ಆಗಬಹುದು.

ಬರೆಯಲು ಬಾರದವರು, ಬರೆಯಲು ಅಂಜುವವರು ಶಾಲೆ ಬಿಟ್ಟ ಮೇಲೆ ಸಂಜೆ ನಮ್ಮಲ್ಲಿಗೆ ಬನ್ನಿರಿ. ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಬರೆದುಕೊಡುತ್ತೇವೆ. ಬರುವಾಗ ರಶೀದಿ, ವಾರಂಟಿ ಚೀಟಿ, ಕೆಟ್ಟ ಸರಕಿನ ಚಿತ್ರ ಇವನ್ನು ತನ್ನಿರಿ. ಬೀಜದ ವಿಷಯವಾದರೆ ಚೀಲವನ್ನು ಚೀಟಿಯ ಸಮೇತ ತರಬೇಕು. ತಾಯಂದಿರಲ್ಲಿ ಒಂದು ವಿಶೇಷ ಬಿನ್ನಹ. ಬೀಜದ ಖಾಲಿ ಚೀಲ ಕಂಡೊಡನೆ ಅದನ್ನು ಒಗೆದು, ಚೀಟಿಯನ್ನು ಕಿತ್ತು ಒಲೆಗೆ ಹಾಕಿ, ಕಾಳು ಒಣಗಿಸಲು ಹಾಸುವುದು ನಮ್ಮ ಮನೆಗಳಲ್ಲಿ ನಡೆದುಬಂದಿದೆ. ಬೆಳೆ ಮನೆಗೆ ಬರುವವರೆಗೆ ಆ ಚೀಲವನ್ನು ಹಾಗೆಯೇ ಮಡಿಸಿ ಅಟ್ಟದ ಮೇಲಿಡಿರಿ.